ವಿಶ್ವಕಪ್ ಟಿಕೆಟ್: ಫಿಫಾದಿಂದಲೋ, ಮರುಮಾರಾಟದಲ್ಲೋ, ಪ್ಯಾಕೇಜೋ, ಜನವರಿವರೆಗೆ ಕಾಯುವುದೋ?

ಈ ಸಲದ ಫುಟ್‌ಬಾಲ್ ವಿಶ್ವಕಪ್‌ಗೆ ಹೋಗಿಯೇ ಬರಬೇಕು ಎಂದು ಮನಸ್ಸು ಮಾಡಿದವರು ಮಂಗಳೂರು, ಉಡುಪಿ ಕಡೆ ಕಡಿಮೆಯೇನಿಲ್ಲ. ಒಬ್ಬರ ಅಕ್ಕ-ಭಾವ ಡಲ್ಲಾಸ್‌ನಲ್ಲಿದ್ದಾರೆ, ಇನ್ನೊಬ್ಬರ ಮಗ ನ್ಯೂಜೆರ್ಸಿಯಲ್ಲಿದ್ದಾನೆ, ಮತ್ತೊಬ್ಬರ ಗೆಳೆಯ ದುಬೈಯಿಂದ ಜೊತೆಗೂಡುತ್ತೇನೆ ಎನ್ನುತ್ತಾನೆ. ರಜೆಯೂ ಹೊಂದಿಸಬಹುದು, ದುಡ್ಡೂ ಹೇಗೋ ಆದೀತು. ಎಲ್ಲರೂ ತಡವರಿಸುವುದು ಟಿಕೆಟಿನ ವಿಷಯದಲ್ಲಿ. ವಿಶ್ವಕಪ್ ನಡೆಸುವ ಸಂಸ್ಥೆ ಫಿಫಾದ ಸೈಟಿನಲ್ಲಿ ಸರದಿ ಕಾಯುವುದೋ, ಅವರದೇ ಮರುಮಾರಾಟದಲ್ಲಿ ಹೆಚ್ಚು ಕೊಟ್ಟು ತೆಗೆದುಕೊಳ್ಳುವುದೋ, ಊಟ-ಆಸನ ಎಲ್ಲ ಸೇರಿದ ದುಬಾರಿ ಟಿಕೆಟ್‌ಗೆ ಹೋಗುವುದೋ, ಏಜೆಂಟರ ಪ್ಯಾಕೇಜ್ ನಂಬುವುದೋ, ಇಲ್ಲ ಜನವರಿಯಲ್ಲಿ ಸೌದಿಯಲ್ಲಿ ನಡೆಯುವ, ಏಷ್ಯಾದ ದೇಶಗಳು ಆಡುವ ಏಷ್ಯನ್ ಕಪ್‌ವರೆಗೆ ಕಾಯುವುದೋ? ನಿತ್ಯ ಕೇಳಿಬರುವ ಮಾತೊಂದಿದೆ: "ಅಣ್ಣ, ಒಬ್ಬರ ಹತ್ರ ಎರಡು ಟಿಕೆಟ್ ಉಂಟಂತೆ, ಸ್ಕ್ರೀನ್‌ಶಾಟ್ ಕಳಿಸಿದ್ದಾರೆ, ತಗೊಳ್ಳಬಹುದಾ?"

2026ರ ವಿಶ್ವಕಪ್ ಜೂನ್ 11ರಿಂದ ಜುಲೈ 19ರವರೆಗೆ. ಮೊದಲ ಬಾರಿಗೆ 48 ತಂಡಗಳು, 104 ಪಂದ್ಯಗಳು, 16 ನಗರಗಳು. ಅವುಗಳಲ್ಲಿ ಅಮೆರಿಕದಲ್ಲಿ 11, ಮೆಕ್ಸಿಕೋದಲ್ಲಿ ಮೂರು, ಕೆನಡಾದಲ್ಲಿ ಎರಡು. ಲಾಟರಿ ಮೂಲಕ ಟಿಕೆಟ್ ಹಂಚುವ ಹಂತಗಳು ಮುಗಿದುಹೋಗಿವೆ, ಹಾಗಾಗಿ ಆ ದಾರಿಯ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಈಗ ತೆರೆದಿರುವ ದಾರಿಗಳನ್ನಷ್ಟೇ ಅಳೆದು ನೋಡೋಣ.

ಯಾವುದರಿಂದ ಅಳೆಯುವುದು

ನಮ್ಮಲ್ಲಿ ಹೆಚ್ಚಿನವರು ಬೆಲೆಯಿಂದ ಶುರುಮಾಡುತ್ತಾರೆ. ನನ್ನ ಪ್ರಕಾರ ಬೆಲೆ ಮೂರನೆಯದು. ಮೊದಲನೆಯದು ವೀಸಾ. ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರುವ ಅಮೆರಿಕದ ಪ್ರವಾಸಿ ವೀಸಾ ಇದೆಯೋ ಇಲ್ಲವೋ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಹಿಂದಿನ ಎರಡು ವಿಶ್ವಕಪ್‌ಗಳು ನಮಗೆ ಈ ವಿಷಯದಲ್ಲಿ ಧಾರಾಳವಾಗಿದ್ದವು. 2018ರಲ್ಲಿ ರಷ್ಯಾ, ಟಿಕೆಟ್ ಇದ್ದವರಿಗೆ ಫ್ಯಾನ್ ಐಡಿ ಕೊಟ್ಟು ವೀಸಾ ಇಲ್ಲದೆಯೇ ಒಳಗೆ ಬಿಟ್ಟಿತು. 2022ರಲ್ಲಿ ಕತಾರ್‌ನ ಹಯ್ಯಾ ಕಾರ್ಡ್ ಪ್ರವೇಶದ ಪರವಾನಗಿಯೂ ಆಗಿತ್ತು. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು "ಟಿಕೆಟ್ ಸಿಕ್ಕಿದರೆ ವೀಸಾ ಕೊಡ್ತಾರಲ್ಲ" ಎನ್ನುವವರು ಈಗಲೂ ಇದ್ದಾರೆ. ಅಮೆರಿಕದಲ್ಲಿ ಅಂಥ ವ್ಯವಸ್ಥೆ ಇಲ್ಲ. ಫಿಫಾದಿಂದ ನೇರವಾಗಿ ಟಿಕೆಟ್ ಕೊಂಡವರಿಗೆ ವೀಸಾ ಸಂದರ್ಶನದ ದಿನ ಬೇಗ ಸಿಗುವಂತೆ ಮಾಡುವ ಫಿಫಾ ಪಾಸ್ ಎಂಬ ಏರ್ಪಾಡು ಮಾತ್ರ ಇದೆ. ಅದು ಸರದಿಯಲ್ಲಿ ಮುಂದೆ ನಿಲ್ಲಿಸುತ್ತದೆ, ಅಷ್ಟೆ. ವೀಸಾ ಕೊಡಬೇಕೋ ಬೇಡವೋ ಎಂಬುದು ಕೌಂಟರಿನ ಆಚೆ ಕೂತ ಅಧಿಕಾರಿಯ ತೀರ್ಮಾನ. ಸಂದರ್ಶನಕ್ಕೆ ಇಲ್ಲಿಂದ ಚೆನ್ನೈಗೋ ಹೈದರಾಬಾದಿಗೋ ಮುಂಬೈಗೋ ಹೋಗಬೇಕು. ಅರ್ಜಿ ಶುಲ್ಕ 185 ಡಾಲರ್, ವೀಸಾ ಸಿಗದಿದ್ದರೂ ವಾಪಸ್ ಬರುವುದಿಲ್ಲ.

ಹೀಗಾಗಿ ಎರಡನೆಯ ಅಳತೆ: ಹೋಗಲಾಗದಿದ್ದರೆ ಎಷ್ಟು ದುಡ್ಡು ಮರಳುತ್ತದೆ? ವೀಸಾ ನಿರಾಕರಣೆಯಾಯಿತೆಂದು ಫಿಫಾ ಟಿಕೆಟಿನ ಹಣ ಹಿಂತಿರುಗಿಸುವುದಿಲ್ಲ. ಮಾರಿಕೊಳ್ಳಲು ಅವಕಾಶವಿದೆ, ಕೊಳ್ಳುವವರು ಸಿಗಬೇಕು. ಯಾವ ದಾರಿಯಲ್ಲಿ ಕೊಂಡರೆ ಕೈಸುಟ್ಟುಕೊಳ್ಳುವುದು ಕಡಿಮೆ ಎಂದು ಮೊದಲೇ ನೋಡಿಕೊಳ್ಳಬೇಕಾಗುತ್ತದೆ.

ಮೂರನೆಯದು ಒಟ್ಟು ಖರ್ಚು. ಟಿಕೆಟಿನ ಬೆಲೆಯೊಂದನ್ನೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಜೂನ್-ಜುಲೈಯಲ್ಲಿ ಅಮೆರಿಕಕ್ಕೆ ಹೋಗಿಬರುವ ವಿಮಾನಕ್ಕೇ ಒಬ್ಬರಿಗೆ ಲಕ್ಷದ ಮೇಲಾಗುತ್ತದೆ. ನೂರು ಡಾಲರ್ ಅಗ್ಗದ ಟಿಕೆಟ್ ಸಿಕ್ಕಿತೆಂದು ನೆಂಟರಿಲ್ಲದ ನಗರಕ್ಕೆ ಹೋದರೆ ಎರಡು ರಾತ್ರಿಯ ಹೋಟೆಲು ಆ ಉಳಿತಾಯವನ್ನು ನುಂಗಿಬಿಡುತ್ತದೆ.

ಇನ್ನು ಉಳಿದಂತೆ, ಮನೆಯವರೆಲ್ಲ ಒಟ್ಟಿಗೆ ಕೂರಬೇಕೇ, ಇಂಥದೇ ತಂಡವನ್ನು ನೋಡಬೇಕೇ, ಕೊಟ್ಟ ಟಿಕೆಟ್ ಗೇಟಿನಲ್ಲಿ ನಡೆಯುತ್ತದೆಂಬ ಖಾತ್ರಿ ಎಷ್ಟು ಎಂಬ ಪ್ರಶ್ನೆಗಳು. ಕೊನೆಯದನ್ನು ಬಿಟ್ಟುಕೊಟ್ಟು ಯಾವ ಉಳಿತಾಯವೂ ಲಾಭವಲ್ಲ.

ಫಿಫಾದ ಕೊನೆಯ ಹಂತದ ಮಾರಾಟ

ಲಾಟರಿಯಲ್ಲಿ ಹಂಚಿ ಉಳಿದ ಟಿಕೆಟುಗಳು ಮತ್ತು ಆಗಾಗ ಬಿಡುಗಡೆಯಾಗುವ ಹೊಸ ಟಿಕೆಟುಗಳು ಫಿಫಾದ ಸೈಟಿನಲ್ಲಿ ಮೊದಲು ಬಂದವರಿಗೆ ಮೊದಲು ಎಂಬ ಕ್ರಮದಲ್ಲಿ ಸಿಗುತ್ತವೆ. ಲಾಟರಿಯಲ್ಲಿ ಅರ್ಜಿ ಹಾಕಿ ಕಾಯಬೇಕಿತ್ತು, ಸಿಕ್ಕಿದರೆ ಕಾರ್ಡಿನಿಂದ ದುಡ್ಡು ತಾನಾಗಿ ಹೋಗುತ್ತಿತ್ತು. ಇಲ್ಲಿ ಕಣ್ಣೆದುರಿಗೆ ಕಂಡ ಟಿಕೆಟನ್ನು ಆಗಲೇ ಕೊಳ್ಳಬಹುದು. ಹೆಚ್ಚಿನವರಿಗೆ ಮೊದಲು ಪ್ರಯತ್ನಿಸಿ ಎಂದು ನಾನು ಹೇಳುವುದು ಇದನ್ನೇ. ಟಿಕೆಟ್ ಅಸಲಿ, ಮಧ್ಯವರ್ತಿಯ ಶುಲ್ಕವಿಲ್ಲ, ವೀಸಾ ಇಲ್ಲದವರಿಗೆ ಫಿಫಾ ಪಾಸ್‌ನ ದಾರಿಯೂ ಇದರಿಂದಲೇ ತೆರೆದುಕೊಳ್ಳುತ್ತದೆ.

ಬೆಲೆ ಮಾತ್ರ ಈ ಸಲ ಒಂದೇ ಕಡೆ ನಿಂತಿಲ್ಲ. ಮಾರಾಟ ಶುರುವಾದಾಗ ಗುಂಪು ಹಂತದ ಅತಿ ಅಗ್ಗದ ಟಿಕೆಟಿಗೆ 60 ಡಾಲರ್, ಫೈನಲ್‌ನ ಮೊದಲ ದರ್ಜೆಗೆ 6,730 ಡಾಲರ್ ಎಂದಿತ್ತು. ಬೇಡಿಕೆ ನೋಡಿಕೊಂಡು ಬೆಲೆ ಏರಿಸಿ ಇಳಿಸುವ ಪದ್ಧತಿ ಇರುವುದರಿಂದ ಜನ ಮುಗಿಬೀಳುವ ಪಂದ್ಯಗಳು ಆಮೇಲೆ ಇನ್ನೂ ಮೇಲೆ ಹೋದವು. ಕತಾರ್‌ನಲ್ಲಿ ಹೊರದೇಶದವರಿಗೆ ಗುಂಪು ಹಂತದ ಅಗ್ಗದ ಟಿಕೆಟ್ 250 ರಿಯಾಲ್, ಫೈನಲ್‌ನ ಮೊದಲ ದರ್ಜೆ 5,850 ರಿಯಾಲ್, ಅಂದರೆ ಸುಮಾರು 1,600 ಡಾಲರ್ ಇತ್ತು. ನಾಲ್ಕು ವರ್ಷದಲ್ಲಿ ಫೈನಲ್ ಸಾಮಾನ್ಯರ ಕೈಗೆ ಸಿಗದಷ್ಟು ಎತ್ತರಕ್ಕೆ ಹೋಗಿದೆ. ಫುಟ್‌ಬಾಲನ್ನು ಕಟ್ಟಿ ಬೆಳೆಸಿದ್ದು ಉಳ್ಳಾಲದ ಮೈದಾನದಂಥ ಮೈದಾನಗಳಲ್ಲಿ ಬರಿಗಾಲಲ್ಲಿ ಆಡಿದವರು, ಅವರನ್ನು ಹೊರಗಿಡುವ ಈ ಬೆಲೆ ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಎಲ್ಲೆಡೆಯಿಂದ ವಿರೋಧ ಬಂದ ಮೇಲೆ 104 ಪಂದ್ಯಗಳಿಗೂ, ಫೈನಲ್‌ಗೂ ಸೇರಿ, 60 ಡಾಲರಿನ ಒಂದಷ್ಟು ಟಿಕೆಟುಗಳನ್ನು ಫಿಫಾ ಘೋಷಿಸಿತು. ಅವು ಆಡುತ್ತಿರುವ ದೇಶಗಳ ಫುಟ್‌ಬಾಲ್ ಸಂಸ್ಥೆಗಳ ಮೂಲಕ ಆಯಾ ದೇಶದ ನಿಷ್ಠಾವಂತ ಅಭಿಮಾನಿಗಳಿಗೆ. ಭಾರತ ಅರ್ಹತೆ ಪಡೆಯದ್ದರಿಂದ ಆ ಪಾಲು ನಮಗಿಲ್ಲ. "60 ಡಾಲರಿಗೆ ಫೈನಲ್ ಕೊಡಿಸುತ್ತೇನೆ" ಎಂದು ಇಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ.

ದರ್ಜೆಗಳು ಒಂದರಿಂದ ನಾಲ್ಕು. ಒಂದನೆಯದು ಮೈದಾನಕ್ಕೆ ಹತ್ತಿರ, ನಾಲ್ಕನೆಯದು ಎಲ್ಲಕ್ಕಿಂತ ಮೇಲಿನ ಸಾಲುಗಳು. ಮೊದಲ ಸಲ ಹೋಗುವವರು ನಾಲ್ಕನೆಯದನ್ನು ಕೀಳಾಗಿ ಕಾಣಬೇಕಿಲ್ಲ. ಎತ್ತರದಿಂದ ಆಟದ ಜಾಲ, ರಕ್ಷಣೆಯ ಸಾಲು ಹಿಂದೆ ಮುಂದೆ ಸರಿಯುವುದು ಟಿವಿಯಲ್ಲಿ ಕಾಣದಷ್ಟು ಚೆನ್ನಾಗಿ ಕಾಣುತ್ತದೆ. ಆಟಗಾರರ ಮುಖ ನೋಡಬೇಕೆಂಬ ಆಸೆ ಇದ್ದವರಿಗೆ ಮಾತ್ರ ಒಂದನೆಯದು.

ಒಂದು ಮನೆಯವರಿಗೆ ಒಂದು ಪಂದ್ಯಕ್ಕೆ ನಾಲ್ಕೇ ಟಿಕೆಟ್, ಇಡೀ ಟೂರ್ನಿಗೆ 40. ಐದು ಜನರ ಕುಟುಂಬವಾದರೆ ಐದನೆಯವರಿಗೆ ಅಲ್ಲಿರುವ ನೆಂಟರ ಖಾತೆಯಿಂದ ಕೊಳ್ಳಬೇಕಾದೀತು, ಆಗ ಪಕ್ಕಪಕ್ಕ ಕೂರುವ ಖಾತ್ರಿಯಿಲ್ಲ. ಮಡಿಲ ಮಗುವಿಗೂ ಟಿಕೆಟ್ ಬೇಕು. ಇದನ್ನು ಮರೆತು ಮೂರು ಟಿಕೆಟ್ ಕೊಂಡು ನಾಲ್ಕನೆಯದಕ್ಕೆ ಒದ್ದಾಡುವುದು ಬೇಡ.

ಕೊಳ್ಳುವ ಮೊದಲು ಕಾರ್ಡಿನ ಸಿದ್ಧತೆ. ನಮ್ಮ ಬ್ಯಾಂಕುಗಳು ಕೊಡುವ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರವನ್ನು ನಾವಾಗಿ ತೆರೆಯಬೇಕು, ರಿಸರ್ವ್ ಬ್ಯಾಂಕಿನ ನಿಯಮವೇ ಹಾಗಿದೆ. ಬ್ಯಾಂಕಿನ ಆ್ಯಪ್‌ಗೆ ಹೋಗಿ ಅಂತರರಾಷ್ಟ್ರೀಯ ಆನ್‌ಲೈನ್ ಎಂಬ ಗುಂಡಿ ಒತ್ತಿ, ಅದರ ಕೆಳಗಿರುವ ಮಿತಿಯನ್ನೂ ಏರಿಸಬೇಕು. ಗುಂಡಿ ಒತ್ತಿ ಮಿತಿ ಏರಿಸದೆ ಬಿಟ್ಟರೆ ಸರದಿಯಲ್ಲಿ ಗಂಟೆಗಟ್ಟಲೆ ಕಾದು ಕೊನೆಗೆ ಪಾವತಿ ವಿಫಲ ಎಂಬ ಸಾಲು ನೋಡಬೇಕಾಗುತ್ತದೆ, ಅಷ್ಟರಲ್ಲಿ ಟಿಕೆಟ್ ಇನ್ನೊಬ್ಬರ ಪಾಲಾಗಿರುತ್ತದೆ. ಡಾಲರಿನಲ್ಲಿ ಕೊಟ್ಟದ್ದಕ್ಕೆ ಬಹುಪಾಲು ಕಾರ್ಡುಗಳು ಎರಡರಿಂದ ಮೂರೂವರೆ ಶೇಕಡಾ ಹೆಚ್ಚುವರಿ ಹಿಡಿಯುತ್ತವೆ, ಅದರ ಮೇಲೆ ಜಿಎಸ್‌ಟಿ. ನಾಲ್ಕು ಟಿಕೆಟಿಗೆ ಅದೇ ಸಾವಿರಾರು ರೂಪಾಯಿ. ಮನೆಯಲ್ಲಿ ಯಾರದ್ದಾದರೂ ಈ ಶುಲ್ಕ ಕಡಿಮೆ ಇರುವ ಕಾರ್ಡ್ ಇದ್ದರೆ ಅದನ್ನೇ ಬಳಸಿ.

ಫಿಫಾದ್ದೇ ಮರುಮಾರಾಟ

ಹೋಗಲಾಗದವರು ತಮ್ಮ ಟಿಕೆಟನ್ನು ಫಿಫಾದ ಸೈಟಿನಲ್ಲೇ ಮಾರಾಟಕ್ಕಿಡಬಹುದು, ನೀವು ಅಲ್ಲೇ ಕೊಳ್ಳಬಹುದು. ಮೋಸದ ಭಯವಿಲ್ಲ, ಟಿಕೆಟ್ ನಿಮ್ಮ ಖಾತೆಗೇ ಬರುತ್ತದೆ. ಬೇಕೆಂದ ಪಂದ್ಯ ಇಲ್ಲಿ ಹೆಚ್ಚುಕಡಿಮೆ ಯಾವಾಗಲೂ ಇರುತ್ತದೆ, ಬೆಲೆ ಕೊಡುವ ತಾಕತ್ತಿರಬೇಕು. ಅಮೆರಿಕದ ಪಂದ್ಯಗಳಿಗೆ ಮಾರುವವರು ಹೇಳಿದ್ದೇ ಬೆಲೆ, ಮೇಲ್ಮಿತಿ ಇಲ್ಲ. ಫಿಫಾ ಕೊಳ್ಳುವವರಿಂದ ಶೇ. 15, ಮಾರುವವರಿಂದಲೂ ಶೇ. 15 ತೆಗೆದುಕೊಳ್ಳುತ್ತದೆ.

ಇದರ ಪೆಟ್ಟು ಎಷ್ಟೆಂದು ಲೆಕ್ಕ ಹಾಕಿ ನೋಡಿ. ಮಾರುವವರು 200 ಡಾಲರ್ ಎಂದಿಟ್ಟರೆ ನೀವು ಕೊಡುವುದು 230. ಅವರ ಕೈಗೆ ಹೋಗುವುದು 170. ನಡುವಿನ 60 ಡಾಲರ್ ಫಿಫಾದ್ದು. ನಾಳೆ ನಿಮಗೆ ವೀಸಾ ಸಿಗದೆ ಅದೇ ಟಿಕೆಟನ್ನು ಮತ್ತೆ 200ಕ್ಕೆ ಮಾರಿದಿರಿ ಎಂದುಕೊಳ್ಳಿ, ಮರಳುವುದು 170 ಮಾತ್ರ. ಒಂದು ಟಿಕೆಟಿಗೆ 60 ಡಾಲರ್ ಕಳೆದಂತೆ, ಡಾಲರಿಗೆ 90 ರೂಪಾಯಿ ಹಿಡಿದರೆ 5,400 ರೂಪಾಯಿ. ನಾಲ್ವರಿಗೆ 21,600. ಇನ್ನು 200 ಡಾಲರಿಗೆ ಫಿಫಾದಿಂದ ನೇರ ಕೊಂಡವರು ಅಸಲು ಹುಟ್ಟಿಸಿಕೊಳ್ಳಬೇಕಾದರೂ 235ರ ಆಸುಪಾಸಿಗೆ ಮಾರಾಟಕ್ಕಿಡಬೇಕು, ಆಗ ಕೊಳ್ಳುವವರು 270 ಕೊಡಬೇಕಾಗುತ್ತದೆ. ಹಾಗಾಗಿ ವೀಸಾ ಕೈಯಲ್ಲಿಲ್ಲದವರು ಮರುಮಾರಾಟದಲ್ಲಿ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತಾಗುತ್ತದೆ.

ವೀಸಾ ಇದ್ದು, ನೆಂಟರ ಮನೆಯಲ್ಲಿ ಉಳಿಯುವವರಿಗಾದರೆ ಇದೇ ಅತ್ಯುತ್ತಮ ದಾರಿಯಾಗಬಹುದು. ಪಂದ್ಯ ಹತ್ತಿರ ಬಂದಂತೆ, ಹೋಗಲಾಗದವರು ಬಂದಷ್ಟು ಬರಲಿ ಎಂದು ಬೆಲೆ ಇಳಿಸುತ್ತಾರೆ. 2025ರಲ್ಲಿ ಅಮೆರಿಕದಲ್ಲೇ ನಡೆದ ಕ್ಲಬ್ ವಿಶ್ವಕಪ್‌ನ ಚೆಲ್ಸಿ–ಫ್ಲುಮಿನೆನ್ಸ್ ಸೆಮಿಫೈನಲ್‌ಗೆ ಫಿಫಾ ತಾನೇ ಅಗ್ಗದ ಟಿಕೆಟನ್ನು 473.90 ಡಾಲರಿನಿಂದ 13.40ಕ್ಕೆ ಇಳಿಸಿತ್ತು. ವಿಶ್ವಕಪ್‌ನಲ್ಲಿ ಇಷ್ಟು ಬೀಳುತ್ತದೆಂದು ಕಾದು ಕೂರಬಾರದು, ಅರ್ಜೆಂಟೀನಾ ಪಂದ್ಯಕ್ಕಂತೂ ಖಂಡಿತ ಬೇಡ. ಆದರೆ ಹೆಸರು ಕೇಳಿರದ ಎರಡು ತಂಡಗಳ ಗುಂಪು ಪಂದ್ಯವಾದರೆ, ಆ ಊರಿನಲ್ಲೇ ಇದ್ದುಕೊಂಡು ಎರಡು ಮೂರು ದಿನ ಮೊದಲು ನೋಡುವುದರಲ್ಲಿ ಲಾಭವಿದೆ. ಕಾಯುವುದು ಅಲ್ಲಿರುವವರಿಗೆ ಒಗ್ಗುವ ಉಪಾಯ. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಲ್ಲಿ ಕುಳಿತು, ಒಂದು ಪಂದ್ಯಕ್ಕೆಂದೇ ಲಕ್ಷ ಕೊಟ್ಟು ವಿಮಾನ ಹತ್ತುವವರಿಗೆ ಅಲ್ಲ.

ಹಾಸ್ಪಿಟಾಲಿಟಿ ಟಿಕೆಟ್

ಒಳ್ಳೆಯ ಆಸನ, ಊಟ, ಪಾನೀಯ ಎಲ್ಲ ಸೇರಿದ ಅಧಿಕೃತ ಟಿಕೆಟುಗಳನ್ನು ಆನ್ ಲೊಕೇಶನ್ ಎಂಬ ಸಂಸ್ಥೆ ಮಾರುತ್ತದೆ. ಶುರುವಾದದ್ದೇ ಒಬ್ಬರಿಗೆ 1,350 ಡಾಲರಿನಿಂದ, ಅಂದರೆ 1,21,500 ರೂಪಾಯಿ. ಸರದಿ ಕಾಯಬೇಕಿಲ್ಲ, ಪಂದ್ಯ ಖಾತ್ರಿ, ಎಲ್ಲರೂ ಒಟ್ಟಿಗೆ ಕೂರಬಹುದು. ವಯಸ್ಸಾದ ತಂದೆಯನ್ನು ಜೀವಮಾನದಲ್ಲಿ ಒಮ್ಮೆ ಕರೆದೊಯ್ಯುವವರಿಗೆ ಇದರಲ್ಲಿ ಅರ್ಥವಿದೆ, ಬಿಸಿಲಲ್ಲಿ ಅಲೆಯುವುದು ತಪ್ಪುತ್ತದೆ. ಉಳಿದವರು ಅದೇ ದುಡ್ಡಿನಲ್ಲಿ ಎರಡೋ ಮೂರೋ ಗುಂಪು ಪಂದ್ಯ ನೋಡಬಹುದು.

ಏಜೆಂಟರ ಪ್ಯಾಕೇಜ್, ಹೊರಗಿನ ಸೈಟುಗಳು, ವಾಟ್ಸಾಪಿನಲ್ಲಿ ಬರುವ ಟಿಕೆಟ್

ಇವು ಮೂರೂ ಒಂದೇ ಅಲ್ಲ, ಅಪಾಯವೂ ಒಂದೇ ಮಟ್ಟದ್ದಲ್ಲ.

ವಿಮಾನ, ಹೋಟೆಲ್, ಟಿಕೆಟ್ ಎಲ್ಲ ಸೇರಿಸಿ ಕೊಡುವ ಪ್ರವಾಸದ ಪ್ಯಾಕೇಜ್‌ಗಳಲ್ಲಿ ಒಳ್ಳೆಯವೂ ಇವೆ. ಹಿರಿಯರೊಂದಿಗೆ ಹೋಗುವವರಿಗೆ, ಇಂಗ್ಲಿಷ್ ಅರ್ಜಿಗಳ ತಲೆನೋವು ಬೇಡ ಎನ್ನುವವರಿಗೆ ಅನುಕೂಲ. ಕೇಳಬೇಕಾದದ್ದನ್ನು ಬರಹದಲ್ಲಿ ಕೇಳಿ: ಯಾವ ಪಂದ್ಯ, ಅದರ ಸಂಖ್ಯೆ ಎಷ್ಟು, ಯಾವ ದರ್ಜೆ, ಟಿಕೆಟ್ ಈಗ ಅವರ ಕೈಯಲ್ಲಿದೆಯೇ, ನನ್ನ ಫಿಫಾ ಖಾತೆಗೆ ಯಾವ ದಿನ ವರ್ಗಾಯಿಸುತ್ತೀರಿ, ವೀಸಾ ಸಿಗದಿದ್ದರೆ ಎಷ್ಟು ಮರಳಿಸುತ್ತೀರಿ? ಉದ್ಘಾಟನಾ ಪಂದ್ಯಕ್ಕೆ 1 ಎಂದು ಶುರುವಾಗಿ ಫೈನಲ್‌ಗೆ 104 ಎಂದು ಮುಗಿಯುವಂತೆ ಪ್ರತಿ ಪಂದ್ಯಕ್ಕೂ ಒಂದು ಸಂಖ್ಯೆ ಇದೆ. "ಒಂದು ಒಳ್ಳೆ ಮ್ಯಾಚ್ ಕೊಡಿಸ್ತೇವೆ" ಎಂಬ ಮಾತಿಗೆ ಬೆಲೆಯಿಲ್ಲ, ಸಂಖ್ಯೆ ಹೇಳಲಿ. ಪ್ಯಾಕೇಜಿನ ಮೇಲೆ ಟಿಸಿಎಸ್ ಎಂದು ತೆರಿಗೆ ಹಿಡಿಯುತ್ತಾರೆ. ಅದನ್ನು ಆದಾಯ ತೆರಿಗೆಯ ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ರಸೀದಿ ಜೋಪಾನವಾಗಿಟ್ಟುಕೊಳ್ಳಿ.

ಹೊರಗಿನ ಮರುಮಾರಾಟದ ಸೈಟುಗಳಲ್ಲಿ ತೊಡಕಿದೆ. ಕೆಲವರು ಕೈಯಲ್ಲಿ ಟಿಕೆಟ್ ಇಲ್ಲದೆಯೇ ಮಾರಾಟಕ್ಕೆ ಹಾಕಿರುತ್ತಾರೆ, ನಿಮ್ಮಿಂದ ದುಡ್ಡು ಬಂದ ಮೇಲೆ ಹುಡುಕಿ ಕೊಡುವ ಲೆಕ್ಕಾಚಾರ. ಸಿಗದಿದ್ದರೆ ಸೈಟು ದುಡ್ಡು ವಾಪಸ್ ಕೊಟ್ಟೀತು, ವಿಮಾನದ ಟಿಕೆಟಿನ ದುಡ್ಡು ಯಾರು ಕೊಡುತ್ತಾರೆ?

ವಾಟ್ಸಾಪಿನಲ್ಲಿ ಬರುವ ಸ್ಕ್ರೀನ್‌ಶಾಟಿನ ಬಗ್ಗೆ ನನ್ನ ಮಾತು ನೇರ: ತೆಗೆದುಕೊಳ್ಳಬೇಡಿ. ಈ ವಿಶ್ವಕಪ್‌ನ ಟಿಕೆಟ್ ಇರುವುದು ಫೋನಿನಲ್ಲಿ, ಫಿಫಾದ ಆ್ಯಪ್‌ನೊಳಗೆ, ಕೊಂಡವರ ಖಾತೆಯಲ್ಲಿ. ಕಾಗದದ ಮುದ್ರಣ, ಪಿಡಿಎಫ್, ಪರದೆಯ ಚಿತ್ರ ಯಾವುದೂ ಗೇಟಿನಲ್ಲಿ ನಡೆಯುವುದಿಲ್ಲ. ಪರೀಕ್ಷೆ ಸುಲಭ. ನಿಮ್ಮ ಇಮೇಲಿನಿಂದ ಫಿಫಾ ಖಾತೆ ತೆರೆಯಿರಿ, ಮಾರುವವರು ಆ ಇಮೇಲಿಗೆ ಟಿಕೆಟ್ ವರ್ಗಾಯಿಸಲಿ, ಅದು ನಿಮ್ಮ ಆ್ಯಪ್‌ನಲ್ಲಿ ಪಂದ್ಯ, ಬ್ಲಾಕ್, ಸಾಲು, ಆಸನ ಸಮೇತ ಕಾಣಲಿ. "ಪಂದ್ಯದ ದಿನ ವರ್ಗಾಯಿಸ್ತೇನೆ, ಈಗ ಅರ್ಧ ಕೊಡಿ" ಎಂದರೆ ಅಲ್ಲಿಗೇ ಬಿಟ್ಟುಬಿಡಿ. ಪರಿಚಯದವರ ಪರಿಚಯದವರು ಎಂಬ ಸಲಿಗೆಯಲ್ಲಿ ನಮ್ಮೂರಿನಲ್ಲಿ ಬಹಳ ದುಡ್ಡು ಹೀಗೆ ಕೈಬದಲಾಗುತ್ತದೆ. ಕೇಳಲು ದಾಕ್ಷಿಣ್ಯ, ಕಳೆದುಕೊಂಡ ಮೇಲೆ ಹೇಳಲೂ ದಾಕ್ಷಿಣ್ಯ.

ಟಿಕೆಟಿಲ್ಲದೆ ಹೋಗಿ ಸ್ಟೇಡಿಯಂ ಹೊರಗೆ ಬ್ಲ್ಯಾಕ್‌ನಲ್ಲಿ ಕೊಳ್ಳುತ್ತೇವೆ ಎನ್ನುವವರು 2024ರ ಕೋಪಾ ಅಮೆರಿಕ ಫೈನಲ್ ನೆನಪಿಸಿಕೊಳ್ಳಲಿ. ಮಯಾಮಿಯಲ್ಲಿ ಟಿಕೆಟಿಲ್ಲದ ಜನ ಗೇಟಿಗೆ ನುಗ್ಗಿ, ಅರ್ಜೆಂಟೀನಾ–ಕೊಲಂಬಿಯಾ ಪಂದ್ಯ ಒಂದು ಗಂಟೆಗೂ ಹೆಚ್ಚು ತಡವಾಗಿ ಶುರುವಾಯಿತು. ಅಸಲಿ ಟಿಕೆಟ್ ಇದ್ದ ಕೆಲವರೂ ಹೊರಗುಳಿದರು. ಈ ಸಲ ಗೇಟುಗಳಲ್ಲಿ ಬಿಗಿ ಇನ್ನೂ ಹೆಚ್ಚಿರುತ್ತದೆ.

ತಂಡ ನೋಡಿ ಆರಿಸುವುದೋ, ಊರು ನೋಡಿಯೋ

ಯಾವ ದಾರಿಯಲ್ಲಿ ಕೊಂಡರೂ ಈ ಪ್ರಶ್ನೆ ಬಂದೇ ಬರುತ್ತದೆ. ನೆಂಟರು, ಗೆಳೆಯರು ಇರುವ ಊರನ್ನು ಮೊದಲು ಆರಿಸಿ, ಆ ಊರಿನ ಪಂದ್ಯಗಳಲ್ಲಿ ಕೈಗೆಟಕುವುದನ್ನು ಕೊಳ್ಳಿ ಎಂದು ನಾನು ಹೇಳುತ್ತೇನೆ. ಅರ್ಜೆಂಟೀನಾ ಅಭಿಮಾನಿಗಳಿಗೆ ಇಲ್ಲಿ ಅದೃಷ್ಟ ಕೂಡಿಬಂದಿದೆ. ಮೊದಲ ಪಂದ್ಯ ಜೂನ್ 16ರಂದು ಕ್ಯಾನ್ಸಸ್ ಸಿಟಿಯಲ್ಲಿ ಅಲ್ಜೀರಿಯಾ ಎದುರು. ಆಮೇಲಿನ ಎರಡೂ ಡಲ್ಲಾಸ್‌ನಲ್ಲಿ, ಜೂನ್ 22ರಂದು ಆಸ್ಟ್ರಿಯಾ, ಜೂನ್ 27ರಂದು ಜೋರ್ಡಾನ್ ಎದುರು. ಕನ್ನಡಿಗರು ಸಾಕಷ್ಟಿರುವ ಡಲ್ಲಾಸ್ ಕಡೆ ಮನೆಯವರಿದ್ದರೆ ಒಂದೇ ಊರಿನಲ್ಲಿದ್ದು ಎರಡು ಪಂದ್ಯ ನೋಡಬಹುದು. ಪೋರ್ಚುಗಲ್‌ನ ಮೊದಲ ಎರಡು ಪಂದ್ಯ ಹ್ಯೂಸ್ಟನ್‌ನಲ್ಲಿ, ಮೂರನೆಯದು ಮಯಾಮಿಯಲ್ಲಿ. ಬ್ರೆಜಿಲ್ ಹಿಂದೆ ಹೋಗುವವರು ಮೂರು ಊರು ಸುತ್ತಬೇಕು: ಜೂನ್ 13ರಂದು ನ್ಯೂಜೆರ್ಸಿಯಲ್ಲಿ ಮೊರಾಕೊ ಎದುರು, 19ರಂದು ಫಿಲಡೆಲ್ಫಿಯಾದಲ್ಲಿ ಹೈಟಿ, 24ರಂದು ಮಯಾಮಿಯಲ್ಲಿ ಸ್ಕಾಟ್ಲೆಂಡ್. ಮೊದಲ ಎರಡು ಹತ್ತಿರದ ಊರುಗಳು, ನ್ಯೂಜೆರ್ಸಿಯ ಮನೆಯಿಂದಲೇ ಹೋಗಿಬರಬಹುದು. ಮಯಾಮಿಯದನ್ನು ಬಿಟ್ಟರೆ ಖರ್ಚು ಇಳಿಯುತ್ತದೆ.

ದೊಡ್ಡ ಹೆಸರಿನ ಮೋಹ ಸ್ವಲ್ಪ ಬದಿಗಿಟ್ಟರೆ ಆಯ್ಕೆ ಬಹಳ ಹಿಗ್ಗುತ್ತದೆ. ಡಲ್ಲಾಸ್‌ನಲ್ಲೇ ಜೂನ್ 14ರಂದು ನೆದರ್‌ಲೆಂಡ್ಸ್–ಜಪಾನ್ ಇದೆ, ಆಟದ ದೃಷ್ಟಿಯಿಂದ ಗುಂಪು ಹಂತದ ಅತಿ ಸೊಗಸಾದ ಪಂದ್ಯಗಳಲ್ಲಿ ಒಂದು. ಹ್ಯೂಸ್ಟನ್‌ನಲ್ಲಿ ಜೂನ್ 26ರಂದು ಕೇಪ್ ವರ್ಡೆ–ಸೌದಿ ಅರೇಬಿಯಾ. ಕೇಪ್ ವರ್ಡೆ, ಕುರಸಾವೊ, ಜೋರ್ಡಾನ್, ಉಜ್ಬೇಕಿಸ್ತಾನ ಮೊದಲ ಬಾರಿ ವಿಶ್ವಕಪ್ ಆಡುತ್ತಿವೆ. ಒಂದು ಪುಟ್ಟ ದೇಶದ ಜನ ತಮ್ಮ ಮೊದಲ ವಿಶ್ವಕಪ್‌ನಲ್ಲಿ ಕುಣಿದು ಹಾಡುವುದನ್ನು ಪಕ್ಕದಲ್ಲೇ ಕೂತು ನೋಡುವ ಅವಕಾಶ ಮತ್ತೆ ಬಾರದು.

ಸ್ಟೇಡಿಯಂಗೆ ಹೋಗುವ ದಾರಿಯನ್ನೂ ಗಮನಿಸಿ. ಹ್ಯೂಸ್ಟನ್‌ನಲ್ಲಿ ನಗರದ ರೈಲು ಸ್ಟೇಡಿಯಂ ಬಳಿಗೇ ಹೋಗುತ್ತದೆ. ಡಲ್ಲಾಸ್ ಪಂದ್ಯಗಳು ನಡೆಯುವುದು ಆರ್ಲಿಂಗ್ಟನ್‌ನಲ್ಲಿ, ಅಲ್ಲಿ ನಗರ ರೈಲಿಲ್ಲ. ಭಾವನ ಕಾರಿದ್ದರೂ ಪಾರ್ಕಿಂಗನ್ನು ಪ್ರತ್ಯೇಕವಾಗಿ ಮೊದಲೇ ಕೊಳ್ಳಬೇಕು.

ಮೆಕ್ಸಿಕೋದ ಪಂದ್ಯಗಳಿಗೆ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಬೇರೆ ವೀಸಾ ಬೇಡ. ಕೆನಡಾಕ್ಕೆ ಬೇಕೇ ಬೇಕು.

ಈ ಸಲ ಬಿಟ್ಟು ಅಲ್ ಖೋಬಾರ್‌ಗೆ

ಹೆಚ್ಚಿನವರು ಯೋಚಿಸದ ದಾರಿ ಇದು. 2027ರ ಜನವರಿ 7ರಿಂದ ಫೆಬ್ರವರಿ 5ರವರೆಗೆ ಸೌದಿ ಅರೇಬಿಯಾದಲ್ಲಿ ಏಷ್ಯನ್ ಕಪ್ ನಡೆಯುತ್ತದೆ, ರಿಯಾದ್, ಜೆದ್ದಾ ಮತ್ತು ಅಲ್ ಖೋಬಾರ್‌ನಲ್ಲಿ. ಅಲ್ ಖೋಬಾರ್ ಎಂದರೆ ದಮ್ಮಾಮ್‌ನ ಪಕ್ಕದ ಊರು. ಮಂಗಳೂರಿನಿಂದ ದಮ್ಮಾಮ್‌ಗೆ ನೇರ ವಿಮಾನ ಹೋಗುತ್ತದೆ. ಕರಾವಳಿಯ ಎಷ್ಟು ಮನೆಗಳವರು ಅಲ್ಲಿ ದುಡಿಯುತ್ತಿದ್ದಾರೆ ಎಂದು ನಿಮಗೆ ಹೇಳಬೇಕಿಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿ ವಾಸದ ಪರವಾನಗಿ ಇರುವವರಿಗೆ ಸೌದಿಯ ಇ-ವೀಸಾ ಸಿಗುತ್ತದೆ.

ಏಷ್ಯನ್ ಕಪ್ ಟಿಕೆಟಿನ ಬೆಲೆ ಯಾವ ಮಟ್ಟದ್ದು ಎಂಬುದಕ್ಕೆ ಹಿಂದಿನದನ್ನು ನೋಡಿ. 2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದಾಗ ಟಿಕೆಟ್ 25 ರಿಯಾಲ್‌ನಿಂದ ಶುರುವಾಗಿತ್ತು, ಆರುನೂರು ರೂಪಾಯಿಯ ಒಳಗೆ. ಭಾರತ ಆಡಿದ ಪಂದ್ಯಗಳಲ್ಲಿ ಮಲಯಾಳಿಗಳು, ನಮ್ಮ ಕಡೆಯವರು ಗ್ಯಾಲರಿ ತುಂಬಿದ್ದರು. ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ ಮೂರರ ಎದುರೂ ನಾವು ಸೋತೆವು, ಆದರೂ ಅಲ್ಲಿದ್ದವರು ಆ ನೀಲಿ ಜರ್ಸಿಯ ಗದ್ದಲವನ್ನು ಮರೆತಿಲ್ಲ. ಈ ಸಲ ಭಾರತ ಇಲ್ಲ. 2025ರ ಅಕ್ಟೋಬರಿನಲ್ಲಿ ಮಡ್‌ಗಾಂವ್‌ನಲ್ಲಿ ಸಿಂಗಾಪುರದ ಎದುರು 1–2ರಲ್ಲಿ ಸೋತಾಗಲೇ ಆ ಆಸೆ ಮುಗಿಯಿತು. ಭಾರತವನ್ನೇ ನೋಡಬೇಕೆಂದವರಿಗೆ ಹಾಗಾಗಿ ಇದು ಅಪೂರ್ಣ. ಜಪಾನ್, ದಕ್ಷಿಣ ಕೊರಿಯಾ, ಇರಾನ್, ಆಸ್ಟ್ರೇಲಿಯಾ, ಜೋರ್ಡಾನ್‌ಗಳ ಆಟ ಸಾಕು ಎನ್ನುವವರಿಗೆ, ವಿಶ್ವಕಪ್ ಆಡಿದ ಅದೇ ತಂಡಗಳು ಆರು ತಿಂಗಳ ಅಂತರದಲ್ಲಿ ಮನೆಯ ಹತ್ತಿರಕ್ಕೇ ಬಂದಂತೆ.

ಯಾರಿಗೆ ಯಾವುದು

ಹತ್ತು ವರ್ಷದ ಅಮೆರಿಕ ವೀಸಾ ಪಾಸ್‌ಪೋರ್ಟಿನಲ್ಲಿದ್ದು, ಉಳಿಯಲು ಮನೆಯಿದ್ದರೆ ಫಿಫಾ ಸೈಟಿನಲ್ಲಿ ಒಂದು ಪಂದ್ಯವನ್ನು ಈಗಲೇ ಖಾತ್ರಿ ಮಾಡಿಕೊಂಡು, ಎರಡನೆಯದನ್ನು ಅಲ್ಲಿ ಹೋದ ಮೇಲೆ ಮರುಮಾರಾಟದಲ್ಲಿ ನೋಡಿ. ಒಂದಾದರೂ ಕೈಯಲ್ಲಿದ್ದರೆ ಬೆಲೆ ಇಳಿಯಲಿಲ್ಲವೆಂದು ಕಂಗೆಡಬೇಕಿಲ್ಲ.

ವೀಸಾ ಇಲ್ಲದವರು ಫಿಫಾದಿಂದ ನೇರವಾಗಿ, ಸಿಗುವ ಅತಿ ಅಗ್ಗದ ದರ್ಜೆಯಲ್ಲಿ, ಕಳೆದುಕೊಂಡರೂ ಮನೆ ಖರ್ಚಿಗೆ ಏಟಾಗದಷ್ಟೇ ಕೊಳ್ಳಿ. ಫಿಫಾ ಪಾಸ್‌ನಲ್ಲಿ ಸಂದರ್ಶನದ ದಿನ ಸಿಕ್ಕಿ, ವೀಸಾ ಮುದ್ರೆ ಬಿದ್ದ ಪಾಸ್‌ಪೋರ್ಟ್ ಕೈಸೇರುವವರೆಗೆ ವಿಮಾನ ಬುಕ್ ಮಾಡಬೇಡಿ. ಮೊದಲ ಎರಡು ವಾರದ ಪಂದ್ಯಗಳಿಗಿಂತ ಜೂನ್ ಕೊನೆಯವು, ಗುಂಪು ಹಂತ ಮುಗಿದು 32 ತಂಡಗಳು ಉಳಿದಾಗಿನ ಘಟ್ಟದವು ನಿಮಗೆ ಒಳ್ಳೆಯದು, ಸಮಯ ಸಿಗುತ್ತದೆ. ಅಮೆರಿಕದ ವೀಸಾಕ್ಕೆ ಈಗ ಸ್ವಂತ ದೇಶದಲ್ಲಿ ಅಥವಾ ವಾಸವಿರುವ ದೇಶದಲ್ಲೇ ಅರ್ಜಿ ಹಾಕಬೇಕು. ದುಬೈಯಲ್ಲಿ ಕೆಲಸದಲ್ಲಿರುವವರು ಅಲ್ಲೇ ಹಾಕಬಹುದು, ಇಲ್ಲಿಂದ ಭೇಟಿಗೆ ಹೋದವರು ಅಲ್ಲಿ ಹಾಕಲಾಗದು.

ಇಬ್ಬರು ಮಕ್ಕಳೊಂದಿಗೆ ಹೋಗುವ ದಂಪತಿಗೆ ನಾಲ್ಕು ವೀಸಾ ಶುಲ್ಕವೇ 740 ಡಾಲರ್, ಅಂದರೆ 66,600 ರೂಪಾಯಿ. ನಾಲ್ಕು ವಿಮಾನ, ನಾಲ್ಕು ಟಿಕೆಟ್ ಸೇರಿದರೆ ಆರು ಲಕ್ಷ ದಾಟುವುದು ಕಷ್ಟವೇನಲ್ಲ. ಆ ದುಡ್ಡು ಕೂಡಿಟ್ಟದ್ದಾದರೆ ಸಂತೋಷ, ಹೋಗಿ ಬನ್ನಿ. ಸಾಲವಾದರೆ ಜನವರಿಯವರೆಗೆ ಕಾಯಿರಿ. ಮಕ್ಕಳಿಗೆ ಬೇಕಾದದ್ದು ತುಂಬಿದ ಗ್ಯಾಲರಿ, ಹಸಿರು ಮೈದಾನ, ಗೋಲಿನ ಕ್ಷಣ. ಅದು ಅಲ್ ಖೋಬಾರ್‌ನಲ್ಲೂ ಸಿಗುತ್ತದೆ.

ಅಮೆರಿಕಕ್ಕೇ ಹೊರಡುವವರು ಇಲ್ಲಿನ ಮಳೆಯನ್ನು ಲೆಕ್ಕಕ್ಕೆ ಹಿಡಿಯಿರಿ. ಜೂನ್-ಜುಲೈಯಲ್ಲಿ ಬಜ್ಪೆಗೆ ಬರಬೇಕಾದ ವಿಮಾನಗಳು ಮೋಡ ಕವಿದು ಬೆಂಗಳೂರಿಗೋ ಕೊಚ್ಚಿಗೋ ತಿರುಗಿಹೋಗುವುದುಂಟು. ಕೊಂಕಣ ರೈಲ್ವೆಯಲ್ಲಿ ಮಳೆಗಾಲದ ವೇಳಾಪಟ್ಟಿ, ರೈಲುಗಳು ನಿಧಾನ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ರಸ್ತೆಯೂ ಬಂದ್. ಮುಂಬೈಯಿಂದಲೋ ಬೆಂಗಳೂರಿನಿಂದಲೋ ಹೊರಡುವ ದೊಡ್ಡ ವಿಮಾನಕ್ಕೆ ಇಲ್ಲಿಂದ ಒಂದು ದಿನ ಮೊದಲೇ ಹೋಗಿ ಅಲ್ಲಿ ರಾತ್ರಿ ಉಳಿಯಿರಿ. ಎರಡೂ ವಿಮಾನ ಒಂದೇ ಟಿಕೆಟಿನಲ್ಲಿದ್ದರೆ, ಮೊದಲನೆಯದು ತಡವಾದಾಗ ಮುಂದಿನದನ್ನು ಕಂಪನಿಯೇ ಹೊಂದಿಸಿಕೊಡುತ್ತದೆ. ಬೇರೆ ಬೇರೆ ಕೊಂಡಿದ್ದರೆ ಆ ಹೊಣೆ ನಿಮ್ಮದು.